ಸುಡದ ಇಟ್ಟಿಗೆಗೆ ಯಾವ ಕೃಷಿ ತ್ಯಾಜ್ಯ ಹೊಂದುತ್ತದೆ? ಹುಲ್ಲು, ನಾರು, ಉಮಿ, ಬೂದಿ, ಸೆಗಣಿಗಳ ಹೋಲಿಕೆ

ಸುಡದ ಮಣ್ಣಿನ ಇಟ್ಟಿಗೆಯಲ್ಲಿ ಗೋಡೆ ಕಟ್ಟಲು ಹೊರಟವರು ಮೊದಲು ಕೇಳುವುದು, ಮಣ್ಣಿಗೆ ಏನು ಬೆರೆಸಿದರೆ ಇಟ್ಟಿಗೆ ಗಟ್ಟಿಯಾಗುತ್ತದೆ ಎಂದು. ಹುಲ್ಲು, ತೆಂಗಿನ ನಾರು, ಕಬ್ಬಿನ ಸಿಪ್ಪೆ, ಉಮಿ, ಉಮಿಯ ಬೂದಿ, ಸೆಗಣಿ ಎಂದು ಉತ್ತರಗಳು ಒಂದೇ ಉಸಿರಿನಲ್ಲಿ ಬರುವುದರಿಂದ, ಇವೆಲ್ಲವೂ ಒಂದೇ ಕೆಲಸ ಮಾಡುತ್ತವೆ, ಕೈಗೆ ಸಿಕ್ಕಿದ್ದನ್ನು ಹಾಕಿದರಾಯಿತು ಎಂಬ ಭಾವನೆ ಬೇರೂರಿದೆ. ಇದು ತಪ್ಪು ತಿಳಿವಳಿಕೆ. ನಾರು ಬಿರುಕನ್ನು ಹಿಡಿದಿಡುತ್ತದೆ. ಬೂದಿ ಸುಣ್ಣದೊಡನೆ ಕೂಡಿ ಅಂಟಾಗುತ್ತದೆ. ಉಮಿ ತೂಕವನ್ನು ಇಳಿಸುತ್ತದೆ. ಸೆಗಣಿ ನೀರಿನ ಎದುರು ಸ್ವಲ್ಪ ರಕ್ಷಣೆ ಕೊಡುತ್ತದೆ. ಒಂದರ ಕೆಲಸಕ್ಕೆ ಇನ್ನೊಂದನ್ನು ಹಚ್ಚಿದರೆ ಶ್ರಮ ವ್ಯರ್ಥವಾಗುವುದಷ್ಟೇ ಅಲ್ಲ, ಬೆರೆಸದೇ ಬಿಟ್ಟಿದ್ದರೆ ಚೆನ್ನಾಗಿರುತ್ತಿದ್ದ ಇಟ್ಟಿಗೆಯೂ ಕೆಡುತ್ತದೆ. ಆದ್ದರಿಂದ ನಿಮ್ಮ ಬಳಿ ಯಾವ ತ್ಯಾಜ್ಯವಿದೆ ಎಂದು ನೋಡುವ ಮೊದಲು ನಿಮ್ಮ ಮಣ್ಣಿನ ಕೊರತೆ ಏನೆಂದು ತಿಳಿಯಬೇಕು.

ಮೊದಲು ಮಣ್ಣು

ಒಂದು ಗಾಜಿನ ಬಾಟಲಿಯ ಮೂರನೆಯ ಒಂದು ಭಾಗ ಮಣ್ಣು ತುಂಬಿ, ಉಳಿದ ಭಾಗಕ್ಕೆ ನೀರು ಹಾಕಿ, ಚಿಟಿಕೆ ಉಪ್ಪು ಸೇರಿಸಿ, ಚೆನ್ನಾಗಿ ಕುಲುಕಿ ಅಲುಗದಂತೆ ಇಡಿ. ಮರಳು ಒಂದೆರಡು ನಿಮಿಷದಲ್ಲಿ ತಳ ಸೇರುತ್ತದೆ, ಅದರ ಮೇಲೆ ನಯವಾದ ಹೂಳು ಕೂರುತ್ತದೆ, ಜೇಡಿ ತಿಳಿಯಾಗಲು ಒಂದು ದಿನ ಅಥವಾ ಅದಕ್ಕೂ ಹೆಚ್ಚು ಸಮಯ ಹಿಡಿಯುತ್ತದೆ. ಈ ಪದರಗಳ ದಪ್ಪ ಒಂದು ಅಂದಾಜು ಕೊಡುತ್ತದೆ, ಅಷ್ಟೇ. ಜೇಡಿಯ ಅಂಟುಗುಣವನ್ನು ಅರಿಯಲು ಇನ್ನೊಂದು ಪರೀಕ್ಷೆ ಬೇಕು. ಹದವಾಗಿ ನಾದಿದ ಮಣ್ಣನ್ನು ಸುಮಾರು 3 ಸೆಂಟಿಮೀಟರ್ ದಪ್ಪದ ಉರುಳೆಯಾಗಿ ಹೊಸೆದು, ಮೇಜಿನ ಅಂಚಿನಿಂದ ಮೆಲ್ಲಗೆ ಹೊರಕ್ಕೆ ತಳ್ಳುತ್ತ ಹೋಗಿ. 5 ಸೆಂಟಿಮೀಟರ್ ಚಾಚುವ ಮೊದಲೇ ತುಂಡಾಗಿ ಬಿದ್ದರೆ ಜೇಡಿ ಕಡಿಮೆ. 15 ಸೆಂಟಿಮೀಟರ್ ದಾಟಿದರೂ ಬೀಳದಿದ್ದರೆ ಜೇಡಿ ಹೆಚ್ಚು. ನಡುವೆ ಮುರಿದರೆ ಇಟ್ಟಿಗೆಗೆ ತಕ್ಕ ಮಣ್ಣು.

ಜೇಡಿ ಹೆಚ್ಚಿರುವ ಮಣ್ಣು ಒಣಗುವಾಗ ಕುಗ್ಗಿ ಬಿರಿಯುತ್ತದೆ. ನಾರಿನ ನಿಜವಾದ ಕ್ಷೇತ್ರ ಇದು. ಜೇಡಿ ಕಡಿಮೆಯಿರುವ ಮಣ್ಣಿನ ಇಟ್ಟಿಗೆ ಬಿರಿಯುವುದಿಲ್ಲ, ಆದರೆ ಅದರ ಮೂಲೆಗಳು ಕೈ ತಾಗಿದರೆ ಉದುರುತ್ತವೆ; ಅಲ್ಲಿ ನಾರನ್ನು ಹಿಡಿದುಕೊಳ್ಳುವ ಅಂಟೇ ಇಲ್ಲದ ಕಾರಣ ಹುಲ್ಲು ಬೆರೆಸಿದಷ್ಟೂ ಇಟ್ಟಿಗೆ ಸಡಿಲವಾಗುತ್ತ ಹೋಗುತ್ತದೆ. ಅಂಥ ಮಣ್ಣಿಗೆ ಬೇಕಾದದ್ದು ಬೇರೆಡೆಯಿಂದ ತಂದ ಜೇಡಿ, ಇಲ್ಲವೇ ಸುಣ್ಣ ಮತ್ತು ಬೂದಿ.

ಬಲದ ಬಗ್ಗೆಯೂ ಒಂದು ಮಾತು ಇಲ್ಲೇ ಹೇಳಬೇಕು, ಏಕೆಂದರೆ ಹೋಲಿಕೆಗಳೆಲ್ಲ ಸಾಮಾನ್ಯವಾಗಿ ಅದುಮು ಬಲದ, ಅಂದರೆ ಮೇಲಿನಿಂದ ಬೀಳುವ ಒತ್ತಡವನ್ನು ತಾಳುವ ಶಕ್ತಿಯ, ಸುತ್ತಲೇ ಗಿರಕಿ ಹೊಡೆಯುತ್ತವೆ. ನ್ಯೂಜಿಲೆಂಡ್‌ನ 1998ರ ಮಣ್ಣಿನ ಕಟ್ಟಡಗಳ ಮಾನದಂಡವು ಸಾಮಾನ್ಯ ದರ್ಜೆಯ ಇಟ್ಟಿಗೆಗೆ ಕೇಳಿದ್ದು 1.3 ಮೆಗಾಪಾಸ್ಕಲ್ (1 ಮೆಗಾಪಾಸ್ಕಲ್ ಎಂದರೆ ಚದರ ಸೆಂಟಿಮೀಟರಿಗೆ ಸುಮಾರು 10 ಕಿಲೋ ಭಾರದ ಒತ್ತಡ), ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ನಿಯಮ ಸರಾಸರಿ ಸುಮಾರು 2 ಮೆಗಾಪಾಸ್ಕಲ್ ಕೇಳುತ್ತದೆ. ಘನಮೀಟರಿಗೆ 1800 ಕಿಲೋಗ್ರಾಂ ತೂಗುವ ಮಣ್ಣಿನಲ್ಲಿ 3 ಮೀಟರ್ ಎತ್ತರದ ಗೋಡೆ ಕಟ್ಟಿದರೆ, ತಳದ ಸಾಲಿನ ಮೇಲೆ ಗೋಡೆಯ ಸ್ವಂತ ಭಾರದಿಂದ ಬೀಳುವ ಒತ್ತಡ ಸುಮಾರು 0.05 ಮೆಗಾಪಾಸ್ಕಲ್ ಮಾತ್ರ. ಚಾವಣಿಯ ಭಾರ ಸೇರಿದರೂ ಒಂದಂತಸ್ತಿನ ಮನೆಯಲ್ಲಿ ಅಂತರ ದೊಡ್ಡದಾಗಿಯೇ ಉಳಿಯುತ್ತದೆ. ಮಣ್ಣಿನ ಗೋಡೆ ಹಾಳಾಗುವುದು ಹೆಚ್ಚಾಗಿ ನೀರಿನಿಂದ, ಒಣಗುವಾಗ ಬಿಟ್ಟ ಬಿರುಕಿನಿಂದ, ನೆಲ ನಡುಗಿದಾಗಿನ ಸೀಳಿನಿಂದ. ಆದ್ದರಿಂದ ಯಾವುದೋ ನಾರು ಅದುಮು ಬಲವನ್ನು ಸ್ವಲ್ಪ ಏರಿಸುತ್ತದೆ, ಇನ್ನಾವುದೋ ಸ್ವಲ್ಪ ಇಳಿಸುತ್ತದೆ ಎಂಬುದಕ್ಕೆ ನಾನು ಕಡಿಮೆ ತೂಕ ಕೊಡುತ್ತೇನೆ.

ಅಚ್ಚಿನ ಇಟ್ಟಿಗೆಯೋ, ಯಂತ್ರದಲ್ಲಿ ಅದುಮಿದ್ದೋ

ತ್ಯಾಜ್ಯದ ಆಯ್ಕೆಯನ್ನು ಅರ್ಧದಷ್ಟು ನಿರ್ಧರಿಸುವುದು ಇಟ್ಟಿಗೆ ಮಾಡುವ ವಿಧಾನ. ಕೆಸರಿನಂತೆ ಕಲಸಿ, ತುಳಿದು, ಮರದ ಅಚ್ಚಿಗೆ ಬಡಿದು ತೆಗೆಯುವ ಇಟ್ಟಿಗೆಯಲ್ಲಿ ನೀರು ಹೆಚ್ಚು, ಆದ್ದರಿಂದ ಕುಗ್ಗುವಿಕೆಯೂ ಹೆಚ್ಚು. ನಾರು ಇಲ್ಲಿ ಬೇಕೇ ಬೇಕಾದ ವಸ್ತು. ಕಲಸಿದ ಮಣ್ಣು ಮೆತ್ತಗಿರುವುದರಿಂದ ಉದ್ದನೆಯ ನಾರೂ ಎಲ್ಲ ದಿಕ್ಕಿಗೆ ಹರಡಿ ಕೂರುತ್ತದೆ.

ಯಂತ್ರದಲ್ಲಿ ಅದುಮಿದ ಇಟ್ಟಿಗೆಯ ಸ್ಥಿತಿ ಬೇರೆ. ಮಣ್ಣಿನಲ್ಲಿ ತೇವ ಹತ್ತರಿಂದ ಹನ್ನೆರಡು ಶೇಕಡದ ಆಸುಪಾಸಿನಲ್ಲಿರುತ್ತದೆ, ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗುವಷ್ಟು ಮಾತ್ರ. ಹೀಗಿರುವಾಗ ಕುಗ್ಗುವಿಕೆ ಕಡಿಮೆ, ನಾರಿನ ಅಗತ್ಯವೂ ಕಡಿಮೆ. ಅದಕ್ಕೂ ಮುಖ್ಯವಾದ ತೊಡಕೊಂದಿದೆ. ಅದುಮುವಾಗ ಬಾಗಿದ ನಾರು, ಇಟ್ಟಿಗೆ ಅಚ್ಚಿನಿಂದ ಹೊರಬಂದ ಕೂಡಲೇ ಸ್ಪ್ರಿಂಗಿನಂತೆ ಮೊದಲಿನ ಆಕಾರಕ್ಕೆ ಮರಳಲು ನೋಡುತ್ತದೆ. ಇಟ್ಟಿಗೆಯ ಪಕ್ಕದಲ್ಲಿ ಅಡ್ಡವಾಗಿ, ಪದರ ಎದ್ದಂತೆ ಕೂದಲೆಳೆಯ ಸೀಳುಗಳು ಕಾಣಿಸಿಕೊಂಡರೆ ಅದು ನಾರು ಹೆಚ್ಚಾಯಿತು ಅಥವಾ ಉದ್ದವಾಯಿತು ಎಂಬುದರ ಗುರುತು. ಆದ್ದರಿಂದ ಅದುಮಿದ ಇಟ್ಟಿಗೆಗೆ 1ರಿಂದ 3 ಸೆಂಟಿಮೀಟರ್ ಉದ್ದದ ಸಣ್ಣ ನಾರು, ಒಣಮಣ್ಣಿನ ತೂಕದ ಶೇಕಡಾ 0.25ರಿಂದ 0.5ರಷ್ಟು ಸಾಕು, 1ನ್ನು ದಾಟುವುದು ಬೇಡ.

ಹುಲ್ಲು

ಅಚ್ಚಿನ ಇಟ್ಟಿಗೆ ಮಾಡುವವರಿಗೆ ನನ್ನ ಮೊದಲ ಆಯ್ಕೆ ಇದೇ. ಸಾವಿರಾರು ವರ್ಷಗಳ ಹಿಂದೆ ಈಜಿಪ್ಟಿನಲ್ಲಿ ಮಾಡಿದ ಹಸಿ ಇಟ್ಟಿಗೆಗಳೊಳಗಿನ ಹುಲ್ಲು ಮತ್ತು ಬೀಜಗಳನ್ನು ಬಿಡಿಸಿ ನೋಡಿ, ಆಗ ಯಾವ ಬೆಳೆಗಳಿದ್ದವು ಎಂದು ಗುರುತಿಸಲು ಸಸ್ಯವಿಜ್ಞಾನಿಗಳಿಗೆ ಸಾಧ್ಯವಾಗಿದೆ. ಒಣಗಿದ ಮಣ್ಣಿನ ಮಡಿಲಲ್ಲಿ ಹುಲ್ಲು ಎಷ್ಟು ಕಾಲ ಉಳಿಯಬಲ್ಲದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಆದರೆ ಆ ಮಾತಿನಲ್ಲಿರುವ "ಒಣಗಿದ" ಎಂಬ ಪದವನ್ನು ಮರೆಯಬಾರದು.

ಹುಲ್ಲು ಏನು ಮಾಡುತ್ತದೆ ಎಂಬುದನ್ನು ಕಣ್ಣಾರೆ ಕಾಣಲು ಎರಡು ಇಟ್ಟಿಗೆಗಳನ್ನು ಮುರಿಯಬೇಕು. ಬರಿಮಣ್ಣಿನ ಇಟ್ಟಿಗೆಯನ್ನು ಎರಡು ಆಧಾರಗಳ ಮೇಲಿಟ್ಟು ನಡುವೆ ಒತ್ತಿದರೆ ಅದು ಟಕ್ಕೆಂದು ಎರಡಾಗುತ್ತದೆ. ಹುಲ್ಲಿನ ಇಟ್ಟಿಗೆಯೂ ಹೆಚ್ಚುಕಡಿಮೆ ಅಷ್ಟೇ ಒತ್ತಡಕ್ಕೆ ಬಿರಿಯುತ್ತದೆ, ಆದರೆ ಬೇರೆಯಾಗುವುದಿಲ್ಲ. ಬಿರುಕಿನ ಅಡ್ಡಲಾಗಿ ಹುಲ್ಲಿನ ಎಳೆಗಳು ಸೇತುವೆಯಂತೆ ನಿಂತು ಎರಡು ಭಾಗಗಳನ್ನೂ ತೂಗಿಸಿಕೊಂಡಿರುತ್ತವೆ, ಕೈಯಿಂದ ಎಳೆದಾಗ ಮಾತ್ರ ಒಂದೊಂದಾಗಿ ಕಳಚಿ ಬರುತ್ತವೆ. ಮುರಿದ ಮುಖವನ್ನು ಬೆಳಕಿಗೆ ಹಿಡಿದರೆ, ಎಳೆ ಕಳಚಿ ಹೋದ ಕಡೆಯಲ್ಲಿ ಹುಲ್ಲಿನ ಗೆರೆಗಳೆಲ್ಲ ಅಚ್ಚೊತ್ತಿದ ನಯವಾದ ಸಣ್ಣ ಕಾಲುವೆ ಕಾಣುತ್ತದೆ. ಇನ್ನೂ ಅಂಟಿಕೊಂಡಿರುವ ಎಳೆಯ ಸುತ್ತ ಕೂದಲಿನಷ್ಟು ತೆಳುವಾದ ಸಂದು ಕಾಣುತ್ತದೆ. ಕಲಸಿದಾಗ ಹುಲ್ಲು ನೀರು ಕುಡಿದು ಉಬ್ಬಿತ್ತು, ಒಣಗಿದಾಗ ಕುಗ್ಗಿ ಮಣ್ಣಿನಿಂದ ದೂರ ಸರಿಯಿತು. ಹುಲ್ಲಿನ ಮಿತಿಯೆಲ್ಲ ಆ ಸಂದಿನಲ್ಲಿದೆ.

ಒಣ ಹುಲ್ಲು ತನ್ನ ತೂಕದ ಎರಡು ಮೂರು ಪಟ್ಟು ನೀರು ಹೀರುತ್ತದೆ. ಆದ್ದರಿಂದ ಒಣ ಹುಲ್ಲನ್ನು ನೇರವಾಗಿ ಕೆಸರಿಗೆ ಸುರಿಯುವ ಬದಲು, ಹಿಂದಿನ ದಿನವೇ ನೆನೆಸಿ, ನೀರು ಬಸಿದು ಬೆರೆಸುವುದು ಒಳ್ಳೆಯದು. ಇನ್ನೂ ಒಳ್ಳೆಯದು, ಹುಲ್ಲು ಬೆರೆಸಿದ ಮಣ್ಣನ್ನು ಕೆಲವು ದಿನ ಹಾಗೆಯೇ ಕೊಳೆಯಲು ಬಿಡುವುದು. ಹುಳಿ ವಾಸನೆ ಬರತೊಡಗಿದಾಗ ಹುಲ್ಲಿನ ಮೇಲ್ಪದರದ ಮೇಣ ಸಡಿಲಗೊಂಡು, ಮಣ್ಣು ನುಣ್ಣಗೆ, ಜಿಗುಟಾಗಿ ತುಳಿತಕ್ಕೆ ಬಗ್ಗುತ್ತದೆ.

ಗೋಧಿಯ ಹುಲ್ಲು ಭತ್ತದ ಹುಲ್ಲಿಗಿಂತ ಟೊಳ್ಳು, ಕತ್ತರಿಸಲು ಸುಲಭ. ಭತ್ತದ ಹುಲ್ಲಿನಲ್ಲಿ ಸಿಲಿಕಾ (ಮರಳಿನಲ್ಲಿರುವ ಖನಿಜ) ಹೆಚ್ಚಿರುವುದರಿಂದ ಒರಟು, ಕೊಳೆಯುವುದು ನಿಧಾನ. ನನ್ನ ದೃಷ್ಟಿಯಲ್ಲಿ ಇವೆರಡರ ನಡುವಿನ ವ್ಯತ್ಯಾಸಕ್ಕಿಂತ ಹುಲ್ಲು ಹಳೆಯದೋ ಹೊಸದೋ, ಮಳೆಗೆ ನೆನೆದು ಬೂಷ್ಟು ಹಿಡಿದಿದೆಯೋ ಎಂಬುದು ಮುಖ್ಯ. ಬೂಷ್ಟು ಹಿಡಿದ ಹುಲ್ಲು ಎಳೆದರೆ ತುಂಡಾಗುತ್ತದೆ, ಅದನ್ನು ಬಿಡಿ. ಕಾಳು ಉಳಿದಿರುವ ಹುಲ್ಲನ್ನೂ ಚೆನ್ನಾಗಿ ಬಡಿದು ಬಳಸಿ. ಇಲ್ಲದಿದ್ದರೆ ಇಟ್ಟಿಗೆ ಒಣಗುವ ಮೊದಲೇ ಮೊಳಕೆ ಏಳುತ್ತದೆ, ಒಣಗಿದ ಮೇಲೆ ಇಲಿ ಬರುತ್ತದೆ.

ಪ್ರಮಾಣ ಒಣಮಣ್ಣಿನ ತೂಕದ ಶೇಕಡಾ 1ರಿಂದ 2, ಉದ್ದ 3ರಿಂದ 8 ಸೆಂಟಿಮೀಟರ್. ತೂಕದಲ್ಲಿ ಶೇಕಡಾ 1 ಎಂದರೆ ಜಿಪುಣತನವೆನಿಸಬಹುದು, ಆದರೆ 100 ಕಿಲೋ ಮಣ್ಣಿಗೆ ಬೇಕಾಗುವ ಆ 1 ಕಿಲೋ ಕತ್ತರಿಸಿದ ಹುಲ್ಲು ಒಂದು ದೊಡ್ಡ ಬಕೆಟ್ಟನ್ನು ತುಂಬುತ್ತದೆ. ಇದಕ್ಕಿಂತ ಹೆಚ್ಚು ಹಾಕುತ್ತ ಹೋದರೆ ಎಳೆಗಳು ಒಂದಕ್ಕೊಂದು ಸುತ್ತಿಕೊಂಡು ಗಂಟಾಗುತ್ತವೆ. ಗಂಟಿನೊಳಗೆ ಮಣ್ಣು ಇಳಿಯುವುದಿಲ್ಲ, ಅಲ್ಲೊಂದು ಪೊಳ್ಳು ಉಳಿಯುತ್ತದೆ.

ತೆಂಗಿನ ನಾರು, ಕತ್ತಾಳೆ, ಬಾಳೆ

ಎಳೆದು ನೋಡಿದರೆ ಕತ್ತಾಳೆ ನಾರು ತೆಂಗಿನ ನಾರಿಗಿಂತ ಎಷ್ಟೋ ಗಟ್ಟಿ. ಎಳೆತದ ಬಲದಲ್ಲಿ ಮೂರು ನಾಲ್ಕು ಪಟ್ಟು ಮುಂದಿದೆ. ಹಾಗಿದ್ದರೂ ಮಣ್ಣಿನ ಇಟ್ಟಿಗೆಗೆ ನಾನು ತೆಂಗಿನ ನಾರನ್ನೇ ಮೇಲೆಂದು ಹೇಳುತ್ತೇನೆ. ಇಟ್ಟಿಗೆ ಸೋಲುವಾಗ ನಾರು ತುಂಡಾಗುವುದು ಅಪರೂಪ, ಹೆಚ್ಚಾಗಿ ಅದು ಮಣ್ಣಿನಿಂದ ಜಾರಿ ಹೊರಬರುತ್ತದೆ. ಹಿಡಿತವೇ ಮೊದಲು ತಪ್ಪುವಲ್ಲಿ ಎಳೆಯ ಬಲ ಪೂರ್ತಿಯಾಗಿ ಬಳಕೆಗೇ ಬರುವುದಿಲ್ಲ. ತೆಂಗಿನ ನಾರಿನ ಒರಟು ಮೈ ಮಣ್ಣನ್ನು ಚೆನ್ನಾಗಿ ಹಿಡಿಯುತ್ತದೆ, ಮುರಿಯುವ ಮೊದಲು ಬಹಳಷ್ಟು ಹಿಗ್ಗುತ್ತದೆ.

ಬಾಳಿಕೆಯಲ್ಲಿ ಈ ಅಂತರ ಇನ್ನೂ ದೊಡ್ಡದು. ಸಸ್ಯನಾರನ್ನು ಕೊಳೆಯದಂತೆ ಕಾಯುವ ಮುಖ್ಯ ಅಂಶ ಲಿಗ್ನಿನ್. ತೆಂಗಿನ ನಾರಿನಲ್ಲಿ ಇದು ಸುಮಾರು ಶೇಕಡಾ 40ರಷ್ಟಿದೆ, ಕತ್ತಾಳೆಯಲ್ಲಿ 10ರ ಆಸುಪಾಸು. ಬಾಳೆದಿಂಡಿನ ನಾರು ಹೊಳಪಿನಿಂದ ಕೂಡಿ ನೋಡಲು ಚಂದ, ಗಟ್ಟಿಯೂ ಹೌದು, ಆದರೆ ಲಿಗ್ನಿನ್ ಕಡಿಮೆ. ತೇವ ತಗಲುವ ಕಡೆ ಬೇಗ ಸೋಲುತ್ತದೆ. ನೀರು ಚಿಮ್ಮುವ ತಳದ ಸಾಲುಗಳಿಗೆ, ಹೊರಗೋಡೆಗೆ ತೆಂಗಿನ ನಾರು. ಒಳಗೋಡೆಗೆ ಬಾಳೆಯೋ ಕತ್ತಾಳೆಯೋ ಆದೀತು. ತೆಂಗಿನ ನಾರಿನೊಡನೆ ಬರುವ ಪುಡಿಯನ್ನು ಮಾತ್ರ ಜಾಲಿಸಿ ತೆಗೆಯಬೇಕು, ಏಕೆಂದರೆ ಅದು ಸ್ಪಂಜಿನಂತೆ ನೀರು ಹಿಡಿದಿಟ್ಟುಕೊಳ್ಳುತ್ತದೆ, ಬಲವನ್ನೇನೂ ಕೊಡುವುದಿಲ್ಲ.

ಮಣ್ಣಿಗೆ ಸಿಮೆಂಟ್ ಅಥವಾ ಸುಣ್ಣವನ್ನೂ ಬೆರೆಸುವವರು ಒಂದು ವಿಷಯ ಗಮನಿಸಲೇಬೇಕು. ಬರಿಮಣ್ಣು ಸಾಮಾನ್ಯವಾಗಿ ನಾರಿಗೆ ಅಪಾಯಕಾರಿಯಲ್ಲ. ಸಿಮೆಂಟ್ ಅಥವಾ ಸುಣ್ಣ ಸೇರಿದ ಒದ್ದೆ ಮಿಶ್ರಣದ ಪಿಎಚ್ 12ನ್ನು ದಾಟುತ್ತದೆ, ಆ ಕ್ಷಾರ ನಾರಿನ ಎಳೆಗಳನ್ನು ಒಟ್ಟಾಗಿ ಹಿಡಿದಿರುವ ಅಂಶಗಳನ್ನೇ ನಿಧಾನವಾಗಿ ಕರಗಿಸುತ್ತದೆ. ವರ್ಷಗಳು ಕಳೆದಂತೆ ನಾರು ಪೆಡಸಾಗಿ, ಹಿಡಿದರೆ ಮುರಿಯುವಂತಾಗುತ್ತದೆ. ಸಿಮೆಂಟ್ ಹಾಕುವುದಾದರೆ ಬಲಕ್ಕೆ ಅದನ್ನೇ ನೆಚ್ಚಿಕೊಳ್ಳಿ, ನಾರಿನಿಂದ ಮೊದಲ ಕೆಲವು ವಾರಗಳ ಬಿರುಕು ತಡೆಯನ್ನಷ್ಟೇ ನಿರೀಕ್ಷಿಸಿ. ನಾರನ್ನು ಕಾಸ್ಟಿಕ್ ಸೋಡಾದಲ್ಲಿ ಅದ್ದಿ ತೆಗೆದರೆ ಹಿಡಿತ ಹೆಚ್ಚುತ್ತದೆ ಎಂಬುದು ನಿಜ, ಆದರೆ ಅದು ಚರ್ಮವನ್ನೂ ಕಣ್ಣನ್ನೂ ಸುಡುವ ವಸ್ತು, ಉಳಿದ ನೀರನ್ನು ಚೆಲ್ಲುವುದೂ ಸಮಸ್ಯೆ. ಕುದಿನೀರಿನಲ್ಲಿ ಒಂದೆರಡು ಗಂಟೆ ಕುದಿಸಿ, ತೊಳೆದು ಒಣಗಿಸುವುದೇ ಮನೆಮಟ್ಟದ ಕೆಲಸಕ್ಕೆ ತಕ್ಕ ದಾರಿ.

ಕಬ್ಬಿನ ಸಿಪ್ಪೆ ಮತ್ತು ಉಮಿ

ಕಬ್ಬಿನ ಸಿಪ್ಪೆಯ ತೊಂದರೆ ಅದರಲ್ಲಿ ಉಳಿದ ಸಕ್ಕರೆ. ಸಿಮೆಂಟ್ ಬೆರೆಸಿದ ಮಣ್ಣಿನಲ್ಲಿ ಆ ಸಕ್ಕರೆ ಗಟ್ಟಿಯಾಗುವ ಕ್ರಿಯೆಯನ್ನೇ ತಡೆದು ನಿಲ್ಲಿಸುತ್ತದೆ. ಬರಿಮಣ್ಣಿನಲ್ಲಿಯೂ ಇರುವೆ ಮತ್ತು ಬೂಷ್ಟನ್ನು ಕರೆಯುತ್ತದೆ. ನೀರು ತಿಳಿಯಾಗುವವರೆಗೆ ಹಲವು ಬಾರಿ ತೊಳೆದು, ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸಿದ ಸಿಪ್ಪೆ ಹುಲ್ಲಿನ ಸ್ಥಾನವನ್ನು ತುಂಬಬಲ್ಲದು. ಹುಲ್ಲು ಸಿಗುವ ಕಡೆ ಇಷ್ಟು ತೊಳೆಯುವ ಶ್ರಮಕ್ಕೆ ಕಾರಣ ಕಾಣುವುದಿಲ್ಲ.

ಉಮಿಗೆ ಉದ್ದವಿಲ್ಲ, ಆದ್ದರಿಂದ ಅದು ಬಿರುಕಿನ ಎರಡೂ ದಡಗಳನ್ನು ಹಿಡಿಯಲಾರದು. ಅದು ಇಟ್ಟಿಗೆಯನ್ನು ಹಗುರ ಮಾಡುತ್ತದೆ, ಬಿಸಿ ದಾಟುವುದನ್ನು ಸ್ವಲ್ಪ ತಗ್ಗಿಸುತ್ತದೆ, ಬಲವನ್ನು ಇಳಿಸುತ್ತದೆ. ಭಾರ ಹೊರದ ಒಳಗೋಡೆಗೆ, ಚೌಕಟ್ಟಿನ ನಡುವೆ ತುಂಬುವ ಇಟ್ಟಿಗೆಗೆ ಇದು ಒಪ್ಪುತ್ತದೆ. ಉಮಿ ನಿಜಕ್ಕೂ ಮಿಂಚುವುದು ಗೋಡೆಗೆ ಮೆತ್ತುವ ಮಣ್ಣಿನಲ್ಲಿ. ಮಾಲಿ ದೇಶದ ಜೆನ್ನೆ ಪಟ್ಟಣದ ಮಸೀದಿಯ ಈಗಿನ ಕಟ್ಟಡ 1907ರದ್ದು. ಅದರ ಹಸಿ ಇಟ್ಟಿಗೆಯ ಗೋಡೆಗಳಿಗೆ ಊರಿನವರು ಭತ್ತದ ಹೊಟ್ಟು ಬೆರೆಸಿ ಕೊಳೆಯಿಸಿದ ಮಣ್ಣನ್ನು ಮತ್ತೆ ಮತ್ತೆ ಮೆತ್ತುತ್ತ ಅದನ್ನು ಉಳಿಸಿಕೊಂಡು ಬಂದಿದ್ದಾರೆ.

ಉಮಿಯ ಬೂದಿ

ಭತ್ತದ ತೂಕದಲ್ಲಿ ಸುಮಾರು ಐದನೆಯ ಒಂದು ಭಾಗ ಉಮಿ; ಉಮಿಯನ್ನು ಸುಟ್ಟರೆ ಅದರ ಐದನೆಯ ಒಂದು ಭಾಗ ಬೂದಿ. ಅಂದರೆ 100 ಕಿಲೋ ಭತ್ತದಿಂದ ಸಿಗುವುದು 4 ಕಿಲೋ ಬೂದಿ. ಅದರ ಬಹುಪಾಲು, ಸಾಮಾನ್ಯವಾಗಿ ಶೇಕಡಾ 85ಕ್ಕಿಂತ ಹೆಚ್ಚು, ಸಿಲಿಕಾ. ಈ ಸಿಲಿಕಾ ನೀರಿನ ಸಮ್ಮುಖದಲ್ಲಿ ಸುಣ್ಣದೊಡನೆ ಸೇರಿ, ಸಿಮೆಂಟಿನಲ್ಲಿ ಉಂಟಾಗುವಂಥದೇ ಅಂಟನ್ನು ಕೊಡುತ್ತದೆ. ಮಣ್ಣಿಗೆ ಬೂದಿ ಮಾತ್ರ ಹಾಕಿದರೆ ಈ ಕ್ರಿಯೆ ನಡೆಯುವುದೇ ಇಲ್ಲ. ಅದು ಬರಿಯ ನಯವಾದ ಧೂಳಾಗಿ ಉಳಿದು ಇಟ್ಟಿಗೆಯನ್ನು ಸಡಿಲಗೊಳಿಸುತ್ತದೆ. ಬೂದಿಯಿಂದ ಇಟ್ಟಿಗೆ ಗಟ್ಟಿಯಾಗುತ್ತದೆ ಎಂದು ನಂಬಿ ಸುಣ್ಣವಿಲ್ಲದೆ ಬಳಸುವುದು ಈ ಇಡೀ ವಿಷಯದಲ್ಲಿ ನಾನು ಕಂಡ ಅತಿ ಸಾಮಾನ್ಯ ತಪ್ಪು, ಮತ್ತು ಮನಸ್ಸಿಗೆ ನೋವು ಕೊಡುವ ತಪ್ಪು, ಏಕೆಂದರೆ ಅಷ್ಟು ಹೊತ್ತಿಗೆ ನೂರಾರು ಇಟ್ಟಿಗೆಗಳು ಅಚ್ಚಿನಿಂದ ಹೊರಬಂದಿರುತ್ತವೆ.

ಬೂದಿಯ ಗುಣ ಸುಟ್ಟ ಶಾಖದ ಮೇಲೆ ನಿಂತಿದೆ. ಸುಮಾರು 700 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ, ಗಾಳಿ ಚೆನ್ನಾಗಿ ಆಡುವಂತೆ ನಿಧಾನವಾಗಿ ಸುಟ್ಟ ಬೂದಿಯ ಸಿಲಿಕಾ ಸುಣ್ಣದೊಡನೆ ಸುಲಭವಾಗಿ ಬೆರೆಯುತ್ತದೆ. ಇದಕ್ಕಿಂತ ಹೆಚ್ಚು ಶಾಖದಲ್ಲಿ ಬಹಳ ಹೊತ್ತು ಬೆಂದರೆ ಸಿಲಿಕಾ ಹರಳಾಗಿ ಮಾರ್ಪಟ್ಟು ಮಂಕಾಗುತ್ತದೆ; ಆ ಹರಳಿನ ಧೂಳು ಶ್ವಾಸಕೋಶಕ್ಕೆ ತೀವ್ರ ಹಾನಿಕರ. ಕಪ್ಪು ಬೂದಿಯಲ್ಲಿ ಸುಡದ ಇಂಗಾಲ ಉಳಿದಿರುತ್ತದೆ. ತಿಳಿ ಬೂದು ಬಣ್ಣದ್ದು ಒಳ್ಳೆಯದು. ಬೂದಿಯನ್ನು ನುಣ್ಣಗೆ ಅರೆದು, ಬೆರಳುಗಳ ನಡುವೆ ತಿಕ್ಕಿದಾಗ ತರಿತರಿ ಎನಿಸದಂತೆ ಜರಡಿ ಹಿಡಿದು ಬಳಸಬೇಕು, ಮೂಗು ಬಾಯಿಗೆ ಸರಿಯಾದ ಮುಸುಕು ಕಟ್ಟಿಕೊಂಡೇ ಈ ಕೆಲಸ ಮಾಡಬೇಕು.

ಪರೀಕ್ಷೆಯ ಆರಂಭಕ್ಕೆ ಸುಣ್ಣದ ಎರಡರಷ್ಟು ತೂಕದ ಬೂದಿ ತೆಗೆದುಕೊಳ್ಳಬಹುದು. ಈ ಇಟ್ಟಿಗೆಯನ್ನು ಬಿಸಿಲಿಗೆ ಒಡ್ಡಬಾರದು. ನೆರಳಿನಲ್ಲಿ, ಒದ್ದೆ ಗೋಣಿ ಹೊದಿಸಿ ಕನಿಷ್ಠ ನಾಲ್ಕು ವಾರ ತೇವದಲ್ಲಿಡಬೇಕು. ನಾಲ್ಕು ವಾರ ನೀರು ಹಾಕಿ ಕಾಯುವ ತಾಳ್ಮೆ ಮತ್ತು ಜಾಗ ಇಲ್ಲದವರು ಈ ದಾರಿಗೆ ಹೋಗದಿರುವುದೇ ಲೇಸು. ಇರುವವರಿಗೆ, ಅದರಲ್ಲೂ ಮರಳುಮಣ್ಣನ್ನು ಯಂತ್ರದಲ್ಲಿ ಅದುಮುವವರಿಗೆ, ಇಲ್ಲಿ ಹೋಲಿಸಿದ ತ್ಯಾಜ್ಯಗಳಲ್ಲಿ ನೀರಿಗೆ ಕರಗದ ಇಟ್ಟಿಗೆ ಕೊಡಬಲ್ಲದ್ದು ಇದೊಂದೇ.

ಸೆಗಣಿ

ಸೆಗಣಿಯಲ್ಲಿ ಹಸು ಜಗಿದು ಸಣ್ಣದಾಗಿಸಿದ ನಾರೂ ಇದೆ, ಜಿಗುಟಾದ ದ್ರವ್ಯವೂ ಇದೆ. ಮಣ್ಣಿನೊಡನೆ ಕೆಲವು ದಿನ ಹುದುಗಿದಾಗ ಅದು ಕಣಗಳನ್ನು ಹತ್ತಿರಕ್ಕೆ ಅಂಟಿಸಿ, ನೀರು ಒಳಗಿಳಿಯುವುದನ್ನು ನಿಧಾನಗೊಳಿಸುತ್ತದೆ. ಹುಲ್ಲಿನ ಜೊತೆಗೆ ಸೇರಿಸಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ: ಉದ್ದನೆಯ ಎಳೆ ದೊಡ್ಡ ಬಿರುಕನ್ನು, ಸೆಗಣಿಯ ನಾರು ಕೂದಲೆಳೆಯ ಬಿರುಕನ್ನು ಹಿಡಿಯುತ್ತದೆ. ಆದರೆ ಮಳೆ ನೇರವಾಗಿ ಹೊಡೆಯುವ ಗೋಡೆಗೆ ಸೆಗಣಿ ಸುಣ್ಣದ ಬದಲಿ ಆಗಲಾರದು.

ಗೆದ್ದಲಿನ ಬಗ್ಗೆ ಕೇಳುವವರು ಬಹಳ. ಗೆದ್ದಲಿಗೆ ಬೇಕಾದ ಆಹಾರ ಹುಲ್ಲು, ನಾರು, ಸೆಗಣಿ ಎಲ್ಲದರಲ್ಲೂ ಇದೆ. ಅಡಿಪಾಯವನ್ನು ಕಲ್ಲಿನಲ್ಲಿ ಕಟ್ಟಿ, ನೆಲದಿಂದ ಒಂದೂವರೆ ಅಡಿಯಾದರೂ ಮೇಲಿನಿಂದ ಹಸಿ ಇಟ್ಟಿಗೆ ಶುರುಮಾಡುವುದು ಇದಕ್ಕೆ ಮೊದಲ ತಡೆ. ನೆಲದ ತೇವ ಏರದಂತೆಯೂ ಅದೇ ಕಾಯುತ್ತದೆ. ಭೂಕಂಪದ ಪ್ರದೇಶದಲ್ಲಿ ಇಟ್ಟಿಗೆಯೊಳಗಿನ ಯಾವ ನಾರೂ ಗೋಡೆಯನ್ನು ನಿಲ್ಲಿಸುವುದಿಲ್ಲ. ಗೋಡೆಗಳನ್ನು ಸುತ್ತಲೂ ಬಿಗಿಯುವ ಪಟ್ಟಿ ಬೇರೆಯಾಗಿಯೇ ಬೇಕು.

ಆಯ್ಕೆಗೆ ಮುನ್ನ ಕೆಲವು ಇಟ್ಟಿಗೆ

ಯಾವುದನ್ನು ಆರಿಸಿಕೊಂಡರೂ ಐದೈದು ಇಟ್ಟಿಗೆಗಳ ಕೆಲವು ಗುಂಪು ಮಾಡಿ: ಏನೂ ಬೆರೆಸದ್ದು ಒಂದು, ತ್ಯಾಜ್ಯದ ಪ್ರಮಾಣ ಬದಲಿಸಿದವು ಎರಡು ಮೂರು. ಹಸಿಯಾಗಿರುವಾಗಲೇ ಗುರುತು ಕೆತ್ತಿ, ನೆರಳಿನಲ್ಲಿ ನಿಧಾನವಾಗಿ ಒಣಗಿಸಿ. ಒಂದು ತಿಂಗಳ ಮೇಲೆ ಎರಡನ್ನು ಮೇಲೆ ಹೇಳಿದಂತೆ ಮುರಿದು ನೋಡಿ. ಎರಡನ್ನು ನೀರಿಗೆ ಒಡ್ಡಿ: ಇಟ್ಟಿಗೆಯನ್ನು ಓರೆಯಾಗಿ ಇಟ್ಟು, 400 ಮಿಲಿಮೀಟರ್ ಎತ್ತರದಿಂದ 100 ಮಿಲಿಲೀಟರ್ ನೀರು ಇಪ್ಪತ್ತರಿಂದ ಅರವತ್ತು ನಿಮಿಷದೊಳಗೆ ಹನಿಹನಿಯಾಗಿ ಒಂದೇ ಜಾಗದಲ್ಲಿ ಬೀಳುವಂತೆ ಬಟ್ಟೆಯ ಬತ್ತಿ ಇಳಿಬಿಡಿ. ಆಸ್ಟ್ರೇಲಿಯಾದ ಗೀಲಾಂಗ್ ಊರಿನ ಹೆಸರಿನಿಂದ ಕರೆಯುವ ಈ ಪರೀಕ್ಷೆಯಲ್ಲಿ ಗುಳಿಯ ಆಳ 15 ಮಿಲಿಮೀಟರ್ ಮುಟ್ಟಿದರೆ ಇಟ್ಟಿಗೆ ಸೋತಂತೆ. ಉಳಿದ ಒಂದನ್ನು ತೇವದ ಮೂಲೆಯಲ್ಲಿಟ್ಟು ಬೂಷ್ಟು ಏಳುತ್ತದೆಯೇ ಎಂದು ನೋಡುತ್ತಿರಿ.

ಏನೂ ಬೆರೆಸದ ಗುಂಪಿನ ಇಟ್ಟಿಗೆ ಬಿರುಕಿಲ್ಲದೆ ಒಣಗಿ, ಹನಿ ಪರೀಕ್ಷೆಯಲ್ಲೂ ಉಳಿದವುಗಳ ಸಮಕ್ಕೆ ನಿಂತರೆ, ನಿಮ್ಮ ಮಣ್ಣಿನಲ್ಲಿ ಮರಳು ಮತ್ತು ಜೇಡಿಯ ಹದ ಸರಿಯಾಗಿಯೇ ಇದೆ. ಆಗ ಇಟ್ಟಿಗೆಗೆ ಏನನ್ನೂ ಸೇರಿಸಬೇಡಿ. ಕೂಡಿಟ್ಟ ಹುಲ್ಲನ್ನು ಸಣ್ಣಗೆ ಕತ್ತರಿಸಿ, ಗೋಡೆ ಎದ್ದ ಮೇಲೆ ಮೆತ್ತುವ ಮಣ್ಣಿಗಾಗಿ ಒಣ ಜಾಗದಲ್ಲಿ ಎತ್ತಿಡಿ.